ಗಾಳಿ ಬೆನ್ನಿಗೆ, ಬಿಸಿಲು ಮುಖಕ್ಕೆ: ಚಳಿಗಾಲದಲ್ಲಿ ಇಬ್ಬರು ಸೇರಿ ಗಾಳ ಹಾಕಲು ಸಮಗ್ರ ಮಾರ್ಗದರ್ಶಿ

ಡಿಸೆಂಬರ್, ಜನವರಿಯಲ್ಲಿ ಗಾಳ ಹಾಕಲು ಹೋಗುವವರು ಬೆಳಗಿನ ಐದಕ್ಕೆ ಏಳಬೇಕಿಲ್ಲ. ಹೊಸಬರಿಗೆ ನಾನು ಮೊದಲು ಹೇಳುವ ಮಾತು ಇದೇ. ಬೇಸಿಗೆಯ ರೂಢಿ ತಲೆಯಲ್ಲಿ ಕೂತುಬಿಟ್ಟಿರುತ್ತದೆ. ಕತ್ತಲಲ್ಲೇ ಹೊರಡಬೇಕು, ಬಿಸಿಲು ಏರುವ ಮೊದಲು ಮನೆ ಸೇರಬೇಕು ಅಂತ. ಚಳಿಗಾಲದಲ್ಲಿ ಇದು ಪೂರ್ತಿ ಉಲ್ಟಾ. ಆಗ ಬಿಸಿಲು ಬಿದ್ದ ಕಡೆ ಮೀನು ಬರುತ್ತದೆ. ನಾವೂ ಬಿಸಿಲಿನ ಜೊತೆಗೇ ಹೋಗಬೇಕು, ಬಿಸಿಲಿನ ಜೊತೆಗೇ ವಾಪಸ್ ಬರಬೇಕು.

ಸಮುದ್ರ ನಮಗೆ ಬಹಳ ದೂರ. ಕರಾವಳಿಯವರು ಬಂದರಿನ ಹತ್ತಿರ ಅಲೆ ತಡೆಯಲು ಹಾಕಿದ ಕಲ್ಲುಗಳ ಮೇಲೆ ಕೂತು ಇಡೀ ದಿನ ಗಾಳ ಹಾಕುತ್ತಾರೆ. ನಮ್ಮ ಕಡೆ ಆ ಸುಖ ಕೊಡುವುದು ಜಲಾಶಯದ ಹಿನ್ನೀರಿನ ಕಲ್ಲುದಂಡೆ. ಬೀದರಿನವರಿಗೆ ಕಾರಂಜಾ ಇದೆ. ಕಲಬುರಗಿಯವರಿಗೆ ಬೆಣ್ಣೆತೊರಾ, ಭೀಮಾ ಇವೆ. ಯಾದಗಿರಿಯವರಿಗೆ ಭೀಮಾ ಜೊತೆ ಕೃಷ್ಣೆ, ನಾರಾಯಣಪುರದ ಬಸವಸಾಗರ. ನಾನು ಒಬ್ಬ ದೋಸ್ತನ ಜೊತೆ ಹೆಚ್ಚಾಗಿ ಹೋಗುವುದು ಕಾರಂಜಾ ಹಿನ್ನೀರಿಗೆ. ಭಾಲ್ಕಿ ತಾಲ್ಲೂಕಿನಲ್ಲಿ ಕಾರಂಜಾ ನದಿಗೆ ಅಡ್ಡಲಾಗಿ ಕಟ್ಟಿದ ಜಲಾಶಯ ಅದು. ಆ ನದಿ ಮುಂದೆ ಮಾಂಜ್ರಾ ಸೇರುತ್ತದೆ, ಮಾಂಜ್ರಾ ಗೋದಾವರಿ ಸೇರುತ್ತದೆ. ಇಲ್ಲಿ ಹೇಳುವುದೆಲ್ಲ ಆ ನೀರಿನ ದಂಡೆಯಲ್ಲಿ ಕೂತು ಕಲಿತದ್ದು. ಉಳಿದ ಕಡೆಗೂ ಬಹಳಷ್ಟು ಹೊಂದುತ್ತದೆ. ಭೀಮಾ, ಕೃಷ್ಣೆಗೆ ಮಾತ್ರ ಬೇರೆ ಎಚ್ಚರಿಕೆ ಬೇಕು. ಅದನ್ನು ಮುಂದೆ ಹೇಳುತ್ತೇನೆ.

ಚಳಿಯಲ್ಲಿ ಮೀನು ಏನು ಮಾಡುತ್ತದೆ

ಇದನ್ನು ತಿಳಿದುಕೊಂಡರೆ ಉಳಿದ ಅರ್ಧ ಕೆಲಸ ತಾನಾಗಿ ತಿಳಿಯುತ್ತದೆ. ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಮೀನಿಗೆ ನಮ್ಮ ಹಾಗೆ ತನ್ನದೇ ಮೈಬಿಸಿ ಇಲ್ಲ. ನೀರು ಎಷ್ಟು ಬೆಚ್ಚಗಿದೆಯೋ ಮೀನೂ ಅಷ್ಟೇ ಬೆಚ್ಚಗೆ. ನೀರು ತಣ್ಣಗಾದಂತೆ ತಿಂದದ್ದು ಕರಗುವುದು ತಡವಾಗುತ್ತದೆ, ಹಸಿವು ಕಡಿಮೆಯಾಗುತ್ತದೆ, ಓಡಾಟ ನಿಲ್ಲುತ್ತದೆ. ಕಾಟ್ಲಾ, ರೋಹು, ಮೃಗಾಲ್ ಚೆನ್ನಾಗಿ ತಿನ್ನುವುದು ನೀರು 25ರಿಂದ 30 ಡಿಗ್ರಿ ಇರುವಾಗ. 20ಕ್ಕಿಂತ ಕೆಳಗೆ ಹೋದರೆ ಬಾಯಿ ಹಾಕುವುದೇ ಕಡಿಮೆ. ಕಾಮನ್ ಕಾರ್ಪ್ ಅಂತ ಕರೆಯುವ ಸಾಮಾನ್ಯ ಗೆಂಡೆ ಮಾತ್ರ ಚಳಿ ದೇಶಗಳಲ್ಲೂ ಬದುಕುವ ಮೀನು. ಅದು ತಣ್ಣೀರಿನಲ್ಲೂ ಅಷ್ಟಿಷ್ಟು ತಿನ್ನುತ್ತದೆ. ಚಳಿಗಾಲದಲ್ಲಿ ನಾನು ನಂಬುವುದು ಅದನ್ನೇ.

ಬೀದರ್ ಸಮುದ್ರ ಮಟ್ಟಕ್ಕಿಂತ 600 ಮೀಟರಿಗೂ ಎತ್ತರದಲ್ಲಿದೆ. ಚಳಿ ಜೋರಾದ ರಾತ್ರಿ ಇಲ್ಲಿ ಗಾಳಿಯ ಉಷ್ಣಾಂಶ 10 ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ದೊಡ್ಡ ನೀರು ಅಷ್ಟು ಬೇಗ ತಣ್ಣಗಾಗುವುದಿಲ್ಲ, ನಿಜ. ಆದರೆ ದಂಡೆಯ ಹತ್ತಿರದ ತೆಳು ನೀರು ರಾತ್ರಿ ಬೇಗ ತಣ್ಣಗಾಗುತ್ತದೆ, ಹಗಲು ಬೇಗ ಕಾಯುತ್ತದೆ. ಹಾಗಾಗಿ ಬೆಳಗಿನ ಜಾವ ಮೀನು ಆಳದಲ್ಲಿ ಸುಮ್ಮನೆ ನಿಂತಿರುತ್ತದೆ. ಹತ್ತು, ಹನ್ನೊಂದು ಗಂಟೆ ಹೊತ್ತಿಗೆ ತೆಳು ನೀರು ಬೆಚ್ಚಗಾಗತೊಡಗಿದಾಗ ಮೇಲಕ್ಕೆ, ದಂಡೆ ಕಡೆಗೆ ಸರಿಯುತ್ತದೆ. ಡಿಸೆಂಬರ್ ಕೊನೆಗೆ ನಮ್ಮಲ್ಲಿ ಸೂರ್ಯ ಹುಟ್ಟುವುದು ಸುಮಾರು 6:45ಕ್ಕೆ, ಮುಳುಗುವುದು ಸುಮಾರು 5:50ಕ್ಕೆ. ಇಷ್ಟು ಹೊತ್ತಿನಲ್ಲಿ ಮೀನು ನಿಜವಾಗಿ ತಿನ್ನುವ ಸಮಯ ಹನ್ನೊಂದರಿಂದ ಮೂರೂವರೆ. ಉಳಿದ ಹೊತ್ತು ತಯಾರಿಗೆ, ಊಟಕ್ಕೆ, ಮಾತಿಗೆ.

ಅಕ್ವೇರಿಯಂ ಅಂಗಡಿಯಲ್ಲಿ ಸಣ್ಣ ಥರ್ಮಾಮೀಟರ್ ಸಿಗುತ್ತದೆ. ಒಂದು ತಗೊಳ್ಳಿ. ದಾರ ಕಟ್ಟಿ, ಸೀಸದ ಗುಂಡು ಹಾಕಿ ಎರಡು ಕಡೆ ಇಳಿಬಿಟ್ಟು ನೋಡಿ. ಒಂದು ಕಡೆ 19, ಇನ್ನೊಂದು ಕಡೆ 21 ಇದ್ದರೆ ಎರಡನೆಯ ಕಡೆಯೇ ಕೂತುಕೊಳ್ಳಿ. ಕೈ ಹಾಕಿ ನೋಡಿದರೆ ಈ ಎರಡು ಡಿಗ್ರಿ ಗೊತ್ತಾಗುವುದಿಲ್ಲ. ಮೀನಿಗೆ ಗೊತ್ತಾಗುತ್ತದೆ.

ಹೊರಡುವ ಮೊದಲು ಕೇಳಬೇಕಾದ್ದು

ಜಲಾಶಯದ ಮೀನು ಯಾರದ್ದೂ ಅಲ್ಲ ಅಂದುಕೊಳ್ಳಬೇಡಿ. ನಮ್ಮ ಕಡೆಯ ಕೆರೆಗಳನ್ನು ಮೀನುಗಾರರ ಸಹಕಾರ ಸಂಘಗಳು ಗುತ್ತಿಗೆ ಹಿಡಿದಿರುತ್ತವೆ. ದೊಡ್ಡ ಜಲಾಶಯದಲ್ಲಿ ಮೀನುಗಾರಿಕೆ ಇಲಾಖೆಯ ಪರವಾನಗಿ ಪಡೆದವರು ಬಲೆ ಹಾಕುತ್ತಾರೆ. ದುಡ್ಡು ಕೊಟ್ಟು ಮರಿ ಬಿಟ್ಟು, ವರ್ಷವಿಡೀ ಅದೇ ನೀರಿನ ಮೇಲೆ ಹೊಟ್ಟೆ ಹೊರೆಯುವ ಮನೆಗಳಿವೆ. ಜಿಲ್ಲಾ ಕೇಂದ್ರದ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. ದಂಡೆಯ ಊರಿನಲ್ಲಿ ಬಲೆಗಾರರನ್ನೂ ಮಾತಾಡಿಸಿ. "ಕಾಕಾ, ಇಬ್ರು ಬಂದೀವಿ, ಗಾಳ ಹಾಕ್ತೀವಿ, ನಡೀತದಾ?" ಅಂತ ಕೇಳಿದರೆ ಸಾಕು. ಬಹಳ ಜನ ಇಲ್ಲ ಅನ್ನುವುದಿಲ್ಲ. ಎಲ್ಲಿ ಬಲೆ ಬಿಟ್ಟಿದ್ದಾರೆ, ಎಲ್ಲಿ ಮುಳ್ಳುಕಂಟಿ ಮುಳುಗಿದೆ ಅಂತಲೂ ಹೇಳುತ್ತಾರೆ. ಇಲ್ಲ ಅಂದರೆ ವಾಪಸ್ ಬನ್ನಿ.

ಅಣೆಕಟ್ಟಿನ ಮೇಲೆ, ಗೇಟಿನ ಹತ್ತಿರ, ಕಾಲುವೆ ಬಾಯಿಯಲ್ಲಿ ಗಾಳ ಹಾಕಲೇಬೇಡಿ. ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯ ಬಹಳ ಚೆಂದ, ಆದರೆ ಅದು 2011ರಿಂದ ವನ್ಯಜೀವಿಧಾಮದ ಒಳಗಿದೆ. ಸುರಪುರ ತಾಲ್ಲೂಕಿನ ಬೋನಾಳ ಪಕ್ಷಿಧಾಮ. ಈ ಎರಡೂ ಕಡೆ ಗಾಳವನ್ನು ಮನೆಯಲ್ಲೇ ಬಿಟ್ಟು ಹೋಗಿ.

ಜಾಗ ಹುಡುಕುವುದು

ಚಳಿಗಾಲದಲ್ಲಿ ನಮ್ಮಲ್ಲಿ ಗಾಳಿ ಹೆಚ್ಚಾಗಿ ಮೂಡಣದಿಂದ, ಈಶಾನ್ಯದಿಂದ ಬೀಸುತ್ತದೆ. ತಣ್ಣನೆಯ ಒಣ ಗಾಳಿ. ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಈ ಎರಡನ್ನೂ ಸೇರಿಸಿ ನೋಡಿ. ನೀರಿನ ಉತ್ತರ ದಂಡೆಯಲ್ಲಿ, ದಕ್ಷಿಣಕ್ಕೆ ಮುಖ ಮಾಡಿ ಕೂತರೆ ಗಾಳಿ ಬೆನ್ನಿಗೆ ಬೀಳುತ್ತದೆ, ಬಿಸಿಲು ಮುಖಕ್ಕೆ. ಕಲ್ಲಿಗೂ ದಿನವಿಡೀ ಬಿಸಿಲು. ಕಾದ ಕಲ್ಲು ಪಕ್ಕದ ನೀರನ್ನು ಬೆಚ್ಚಗಿಡುತ್ತದೆ. ಇನ್ನೊಂದು ಲಾಭ ಇದೆ. ನಿಮ್ಮ ನೆರಳು ಹಿಂದೆ ಬೀಳುತ್ತದೆ, ನೀರಿನ ಮೇಲೆ ಬೀಳುವುದಿಲ್ಲ. ತಿಳಿನೀರಿನಲ್ಲಿ ನೆರಳು ಅಲುಗಿದರೆ ಗೆಂಡೆ ನಿಲ್ಲುವುದಿಲ್ಲ. ಕಣ್ಣಿಗೆ ಮಾತ್ರ ಹೊಳಪು ಹೊಡೆಯುತ್ತದೆ. ಅಂಚು ಇರುವ ಟೋಪಿ ಹಾಕಿಕೊಳ್ಳಿ.

ಗಾಳಿ ಎದುರಿಗೆ ಬರುವ ದಂಡೆಯೇ ಒಳ್ಳೆಯದು, ತಿನಿಸು ಅಲ್ಲಿಗೆ ತೇಲಿ ಬರುತ್ತದೆ ಅನ್ನುವವರಿದ್ದಾರೆ. ಮಳೆಗಾಲ ಮುಗಿದ ಹೊಸದರಲ್ಲಿ ಅದು ನಿಜ. ಜನವರಿಯ ತಣ್ಣನೆಯ ಗಾಳಿಗೆ ಮಾತ್ರ ನಾನು ಒಪ್ಪುವುದಿಲ್ಲ. ಎರಡು ಚಳಿಗಾಲ ಎರಡೂ ಕಡೆ ಕೂತು ನೋಡಿದ್ದೇವೆ. ಗಾಳಿ ಮರೆಯ ಬಿಸಿಲು ದಂಡೆಯಲ್ಲೇ ನಮಗೆ ಮೀನು ಜಾಸ್ತಿ ಸಿಕ್ಕಿದ್ದು.

ಆಮೇಲೆ ಕಲ್ಲಿನ ಮೇಲೆ ನೀರಿನ ಗೆರೆ ನೋಡಿ. ಒಣಗಿದ ಕಲ್ಲಿಗೂ ನೀರಿಗೂ ನಡುವೆ ಒಂದು ಗೇಣು ಒದ್ದೆ ಗುರುತಿದ್ದರೆ ಕಾಲುವೆಗೆ ನೀರು ಬಿಟ್ಟಿದ್ದಾರೆ, ಮಟ್ಟ ಇಳಿಯುತ್ತಿದೆ ಅಂತ ಅರ್ಥ. ಇಳಿಯುವ ನೀರಿನಲ್ಲಿ ಮೀನು ತೆಳುವಿಗೆ ಬರಲು ಹೆದರುತ್ತದೆ. ಅಂಥ ದಿನ ಇಳಿಜಾರು ಕಡಿದಾಗಿರುವ ಕಡೆ, ಹತ್ತಿರದಲ್ಲೇ ಆಳ ಸಿಗುವ ಕಡೆ ಕೂಡಿ. ಮಟ್ಟ ನಿಂತಿದ್ದರೆ ಮೂರರಿಂದ ಆರು ಅಡಿ ನೀರು ಸಾಕು.

ಹಿನ್ನೀರಿನ ತಳ ಅಂದರೆ ಒಂದು ಕಾಲದ ಹೊಲಗಳು. ಅಲ್ಲಿ ಹಳೆ ಬದು, ಗಾಡಿದಾರಿ, ಜಾಲಿಗಿಡದ ಬೊಡ್ಡೆ, ತೆರೆದ ಬಾವಿ ಎಲ್ಲಾ ಮುಳುಗಿವೆ. ಬದುವಿನ ಅಂಚು ಮೀನಿಗೆ ಇಷ್ಟದ ಜಾಗ. ಬಾವಿ ನಮಗೆ ಸಾವಿನ ಜಾಗ. ಹಾಗಾಗಿ ಎಷ್ಟೇ ತೆಳುವಾಗಿ ಕಂಡರೂ ನೀರಿಗೆ ಇಳಿಯುವುದು ಬೇಡ. ಎರೆಮಣ್ಣಿನ ಕೆಸರು ಮೊಣಕಾಲಿನ ತನಕ ಹಿಡಿದುಕೊಂಡರೆ ಒಬ್ಬರೇ ಬಿಡಿಸಿಕೊಳ್ಳುವುದು ಕಷ್ಟ.

ಗಾಳದ ಸಾಮಾನು

ದುಬಾರಿ ಸಾಮಾನು ಬೇಡ. ಹತ್ತರಿಂದ ಹನ್ನೆರಡು ಅಡಿಯ ರಾಡ್, ಒಂದು ಸಾದಾ ಸ್ಪಿನ್ನಿಂಗ್ ರೀಲ್. 0.25 ಮಿಲಿಮೀಟರ್ ದಪ್ಪದ ನೈಲಾನ್ ದಾರ ನೂರು ಮೀಟರ್. ಬೇಸಿಗೆಯಲ್ಲಿ 0.35 ಹಾಕುತ್ತಿದ್ದರೆ ಚಳಿಗಾಲಕ್ಕೆ ಬದಲಾಯಿಸಿ. ಮಳೆಯ ರಾಡಿ ತಳ ಸೇರಿ ನೀರು ತಿಳಿಯಾಗಿರುತ್ತದೆ, ದಪ್ಪ ದಾರ ಮೀನಿಗೆ ಕಾಣುತ್ತದೆ. ಕೊಕ್ಕೆ 8 ಮತ್ತು 10 ನಂಬರ್. ಕೊಕ್ಕೆಯಲ್ಲಿ ನಂಬರ್ ದೊಡ್ಡದಾದಷ್ಟು ಗಾತ್ರ ಸಣ್ಣದು, ಇದನ್ನು ಹೊಸಬರು ತಪ್ಪು ತಿಳಿಯುತ್ತಾರೆ. ಉದ್ದ ಹಿಡಿಯ ಕೈಬಲೆ ಒಂದು ಬೇಕೇ ಬೇಕು.

ನೀರಿನ ಮೇಲೆ ತೇಲುತ್ತಾ ಮೀನು ಕಚ್ಚಿದ್ದನ್ನು ತೋರಿಸುವ ಬೆಂಡು ಆದಷ್ಟು ಸಪೂರ ಇರಲಿ. ಅಂಗಡಿಯ ಗುಂಡನೆಯ ಪ್ಲಾಸ್ಟಿಕ್ ಬೆಂಡು ಚಳಿಗಾಲಕ್ಕೆ ಪ್ರಯೋಜನವಿಲ್ಲ. ಹೊಲದಲ್ಲಿ ತಾನಾಗಿ ಉದುರಿ ಬಿದ್ದ ನವಿಲುಗರಿಯ ದಂಟು ಸಿಕ್ಕರೆ ಅದಕ್ಕಿಂತ ಒಳ್ಳೆಯ ಬೆಂಡು ಇಲ್ಲ. ಆರು ಇಂಚು ಕತ್ತರಿಸಿ, ಎರಡು ತುದಿಗೂ ಸೈಕಲ್ ವಾಲ್ವ್ ಟ್ಯೂಬಿನ ಸಣ್ಣ ಉಂಗುರ ತೊಡಿಸಿ, ಅದರೊಳಗೆ ದಾರ ಸೇರಿಸಿ. ತುದಿಗೆ ಕೆಂಪು ನೇಲ್ ಪಾಲಿಶ್ ಹಚ್ಚಿ. ಈಗ ಸಣ್ಣ ಸೀಸದ ಗುಂಡುಗಳನ್ನು ಒಂದೊಂದಾಗಿ ದಾರಕ್ಕೆ ಕಚ್ಚಿಸುತ್ತಾ ಹೋಗಿ. ಬೆಂಡಿನ ತುದಿ ನೀರಿನ ಮೇಲೆ ಒಂದು ಬೆರಳಗಲ ಮಾತ್ರ ಉಳಿಯುವ ತನಕ. ಇಷ್ಟು ಕಷ್ಟ ಯಾಕೆ ಅಂದರೆ, ಚಳಿಗಾಲದ ಮೀನು ಎಳೆದುಕೊಂಡು ಓಡುವುದಿಲ್ಲ. ತುಟಿಯಲ್ಲಿ ಹಿಡಿದು ಅಲ್ಲೇ ನಿಲ್ಲುತ್ತದೆ. ಮೀನಿಗೆ ಭಾರ ಅನ್ನಿಸಿದರೆ ಉಗುಳುತ್ತದೆ. ಬೆಂಡು ಹಗುರ ಇದ್ದಷ್ಟೂ ಆ ತಡೆ ಕಡಿಮೆ.

ಕೊಕ್ಕೆಗೆ ಹಾಕುವ ಗಂಟು ಒಂದು ಕಲಿತರೆ ಸಾಕು. ದಾರದ ತುದಿಯನ್ನು ಕೊಕ್ಕೆಯ ಕಣ್ಣಿನಲ್ಲಿ ತೂರಿಸಿ. ಆ ತುದಿಯನ್ನು ಮೂಲ ದಾರದ ಸುತ್ತ ಐದು ಸಲ ಸುತ್ತಿ. ಕಣ್ಣಿನ ಹತ್ತಿರ ಒಂದು ಸಣ್ಣ ಕುಣಿಕೆ ಉಳಿದಿರುತ್ತದೆ, ತುದಿಯನ್ನು ಅದರೊಳಗೆ ತೂರಿಸಿ. ಈಗ ಇನ್ನೊಂದು ದೊಡ್ಡ ಕುಣಿಕೆ ಹುಟ್ಟಿರುತ್ತದೆ, ಅದರೊಳಗೂ ತೂರಿಸಿ. ಎಂಜಲು ಹಚ್ಚಿ ನಿಧಾನವಾಗಿ ಬಿಗಿಯಿರಿ. ಎಂಜಲು ಹಚ್ಚದೆ ಎಳೆದರೆ ನೈಲಾನ್ ಉಜ್ಜಿ ಬಿಸಿಯಾಗಿ ಅಲ್ಲೇ ಬಲ ಕಳೆದುಕೊಳ್ಳುತ್ತದೆ. ಈ ಗಂಟನ್ನು ಹಿಂದಿನ ರಾತ್ರಿ ಮನೆಯಲ್ಲೇ ಹಾಕಿಟ್ಟುಕೊಳ್ಳಿ. ಚಳಿಗೆ ಜಡ್ಡುಗಟ್ಟಿದ ಬೆರಳಿನಲ್ಲಿ ದಂಡೆಯ ಮೇಲೆ ಕೂತು ಗಂಟು ಹಾಕುವುದು ತಾಳ್ಮೆ ಕೆಡಿಸುತ್ತದೆ.

ಮೀನಿಗೆ ಹಿಂಡಿ, ನಮಗೆ ಹಿಂಡಿ

ನಮ್ಮ ಭಾಗದಲ್ಲಿ ಶೇಂಗಾ ಹಿಂಡಿ ಎರಡು ಥರ. ರೊಟ್ಟಿ ಜೊತೆ ತಿನ್ನುವ ಖಾರದ್ದು ಒಂದು, ಎಣ್ಣೆ ತೆಗೆದ ಮೇಲೆ ಗಾಣದಲ್ಲಿ ಉಳಿಯುವುದು ಇನ್ನೊಂದು. ದಂಡೆಗೆ ಎರಡೂ ಬೇಕು. ಎರಡು ಬೇರೆ ಡಬ್ಬಿ ಇರಲಿ.

ಗಾಣದ ಹಿಂಡಿ ಕಾಲು ಕಿಲೋ, ಜೋಳದ ನುಚ್ಚು ಎರಡು ಹಿಡಿ. ಹಿಂಡಿಯನ್ನು ಕುಟ್ಟಿ ಪುಡಿ ಮಾಡಿ, ನುಚ್ಚನ್ನು ಒಂದು ಕುದಿ ಬೇಯಿಸಿ, ಎರಡನ್ನೂ ಕಲಸಿ. ಕಡೆಗೆ ಒಂದು ಹಿಡಿ ಜೋಳದ ಹಿಟ್ಟು. ಜೋಳದ ಹಿಟ್ಟಿಗೆ ಗೋಧಿಯ ಜಿಗುಟು ಇಲ್ಲ, ನೀರಿಗೆ ಬಿದ್ದ ಕೂಡಲೇ ಬಿಡುತ್ತದೆ. ಎರಚುವ ತಿನಿಸಿಗೆ ಅದೇ ಬೇಕು. ಉಂಡೆ ತಳ ಮುಟ್ಟಿ ಒಡೆದು ಪುಡಿಯಾಗಬೇಕು, ವಾಸನೆ ಹರಡಬೇಕು, ಹೊಟ್ಟೆ ತುಂಬಬಾರದು.

ಕೊಕ್ಕೆಗೆ ಹಾಕುವ ಹಿಟ್ಟಿಗೆ ಇದರ ಉಲ್ಟಾ. ಅಲ್ಲಿ ಗೋಧಿ ಹಿಟ್ಟು. ಚಪಾತಿ ಹಿಟ್ಟಿಗಿಂತ ಮೆತ್ತಗೆ ಕಲಸಿ, ಸ್ವಲ್ಪ ಹಿಂಡಿ ಪುಡಿ, ಚೂರು ಬೆಲ್ಲ ಹಾಕಿ ನಾದಿ. ಬೇಸಿಗೆಯಲ್ಲಿ ನಿಂಬೆಹಣ್ಣಿನ ಗಾತ್ರ ಹಾಕುವವರೂ ಈಗ ಬಟಾಣಿ ಕಾಳಿನಷ್ಟೇ ಹಾಕಿ. ತಣ್ಣೀರಿನಲ್ಲಿ ಹಿಟ್ಟು ಗಟ್ಟಿಯಾಗುತ್ತದೆ, ಅದಕ್ಕೇ ಮೆತ್ತಗೆ ಇರಬೇಕು. ಎರೆಹುಳು ಸಿಕ್ಕರೆ ಇನ್ನೂ ಒಳ್ಳೆಯದು. ಕೊಟ್ಟಿಗೆಯ ಸಗಣಿ ಗುಂಡಿ ಹತ್ತಿರ ಒದ್ದೆ ಮಣ್ಣು ಕೆದಕಿದರೆ ಚಳಿಗಾಲದಲ್ಲೂ ಸಿಗುತ್ತವೆ. ಒದ್ದೆ ಗೋಣಿಚೀಲದಲ್ಲಿ ಸುತ್ತಿಡಿ.

ನಾವು ಒಂದು ಸಲ ಮಾಡಿದ ತಪ್ಪು ಹೇಳುತ್ತೇನೆ. ದೂರದಿಂದ ಬಂದಿದ್ದೇವೆ, ಮೀನು ಬರಲಿ ಅಂತ ಎರಡು ಕಿಲೋ ಹಿಂಡಿ ಬೆಳಿಗ್ಗೆಯೇ ಸುರಿದೆವು. ಸಂಜೆ ತನಕ ಒಂದು ಕಚ್ಚಲಿಲ್ಲ. ದಂಡೆಯ ಮುಂದೆ ಗುಳ್ಳೆ ಏಳುತ್ತಿದ್ದವು. ಮೀನು ಬಂದಿತ್ತು. ಕಡಿಮೆ ಹಸಿವಿನ ಮೀನಿಗೆ ಅಷ್ಟು ಊಟ ಹಾಕಿ, ಅದರ ನಡುವೆ ಒಂದು ಬಟಾಣಿ ಕಾಳಿನಷ್ಟು ಹಿಟ್ಟನ್ನು ಹುಡುಕಿಕೊ ಅಂದರೆ ಹೇಗೆ ಹುಡುಕೀತು? ಈಗ ಇಡೀ ದಿನಕ್ಕೆ ಕಾಲು ಕಿಲೋ ದಾಟುವುದಿಲ್ಲ. ಲಿಂಬೆ ಗಾತ್ರದ ಉಂಡೆ, ಮೊದಲಿಗೆ ಮೂರು. ಆಮೇಲೆ ಅರ್ಧ ಗಂಟೆಗೆ ಒಂದು. ಅದೂ ಮೀನು ಕಚ್ಚುತ್ತಿದ್ದರೆ ಮಾತ್ರ.

ದಿನ ಸಾಗುವುದು ಹೀಗೆ

ಮನೆಯಲ್ಲಿ ಸುಸ್ಲಾ ತಿಂದು, ಚಹಾ ಕುಡಿದು ಎಂಟೂವರೆಗೆ ಹೊರಡಿ. ಬೀದರಿನ ಮಂಜು ಆ ಹೊತ್ತಿಗೆ ಕರಗಿರುತ್ತದೆ. ಮುಂಜಾನೆ ಮಂಜಿನಲ್ಲಿ ಬೈಕ್ ಓಡಿಸುವ ಅಪಾಯವೂ ತಪ್ಪಿತು. ಬುತ್ತಿಗೆ ಕಡಕ್ ರೊಟ್ಟಿ, ಖಾರದ ಹಿಂಡಿ, ಉಳ್ಳಾಗಡ್ಡಿ, ಪುಂಡಿ ಪಲ್ಯ. ಫ್ಲಾಸ್ಕಿನಲ್ಲಿ ಚಹಾ. ಎಳ್ಳ ಅಮಾವಾಸ್ಯೆಯ ಮರುದಿನ ಹೋದರೆ ಮನೆಯಲ್ಲಿ ಉಳಿದ ಭಜ್ಜಿ (ಕಾಳು, ಸೊಪ್ಪು ಸೇರಿಸಿ ಬೇಯಿಸಿದ ಪಲ್ಯ), ಸಜ್ಜೆ ರೊಟ್ಟಿ ಇರುತ್ತದೆ. ನನ್ನ ಲೆಕ್ಕದಲ್ಲಿ ದಂಡೆಯ ಮೇಲೆ ತಿನ್ನಲು ಅದಕ್ಕಿಂತ ರುಚಿಯಾದದ್ದು ಇಲ್ಲ. ಬಟ್ಟೆ ಒಂದು ದಪ್ಪ ಜಾಕೆಟ್ ಬದಲು ಮೂರು ತೆಳು ಪದರ ಇರಲಿ. ಮಧ್ಯಾಹ್ನ ಬಿಸಿಲು ಚುರುಕಾದಾಗ ಒಂದೊಂದೇ ಬಿಚ್ಚಬಹುದು.

ಹತ್ತಕ್ಕೆ ದಂಡೆ ತಲುಪಿದಿರಿ. ರಾಡ್ ತೆಗೆಯಬೇಡಿ. ಹತ್ತು ನಿಮಿಷ ಸುಮ್ನೆ ನೀರು ನೋಡಿ. ಗುಳ್ಳೆ ಸಾಲು ಎದ್ದರೆ ತಳದಲ್ಲಿ ಗೆಂಡೆಯೋ ಮೃಗಾಲೋ ಕೆಸರು ಕೆದಕುತ್ತಿದೆ. ಮೇಲೆ ಬೆನ್ನು ತೋರಿಸಿದರೆ ಕಾಟ್ಲಾ ಇರಬಹುದು. ಕಾಟ್ಲಾ ಮೇಲ್ನೀರಿನಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ಮತ್ತು ಗೆಂಡೆ ತಳದಲ್ಲಿ ತಿನ್ನುವ ಮೀನು. ಚಳಿಗಾಲದಲ್ಲಿ ತಳದಿಂದಲೇ ಶುರು ಮಾಡಿ.

ಆಮೇಲೆ ಆಳ ಅಳೆಯುವುದು. ಕೊಕ್ಕೆಗೆ ಒಂದು ದೊಡ್ಡ ಸೀಸದ ಗುಂಡು ಸಿಕ್ಕಿಸಿ ಎಸೆಯಿರಿ. ಬೆಂಡು ಪೂರ್ತಿ ಮುಳುಗಿದರೆ ಆಳ ಜಾಸ್ತಿ, ಬೆಂಡನ್ನು ಮೇಲಕ್ಕೆ ಸರಿಸಿ. ಬೆಂಡು ಅಡ್ಡ ಮಲಗಿದರೆ ದಾರ ಜಾಸ್ತಿ, ಕೆಳಕ್ಕೆ ಸರಿಸಿ. ತುದಿ ಮಾತ್ರ ಕಾಣುವಂತೆ ನಿಂತರೆ ಆಳ ಸರಿಯಾಗಿ ಸಿಕ್ಕಿತು. ಬಲಕ್ಕೆ, ಎಡಕ್ಕೆ, ದೂರಕ್ಕೆ ನಾಲ್ಕಾರು ಸಲ ಹೀಗೆ ಮಾಡಿದರೆ ತಳದ ಚಿತ್ರ ಮನಸ್ಸಿನಲ್ಲಿ ಮೂಡುತ್ತದೆ. ಎಲ್ಲಿ ಒಮ್ಮೆಗೇ ಒಂದಡಿ ಇಳಿಯುತ್ತದೋ ಅಲ್ಲಿ ಹಳೆ ಬದು ಇದೆ. ಹಿಟ್ಟು ಆ ಅಂಚಿಗೆ ಬೀಳಲಿ. ಈ ಕೆಲಸಕ್ಕೆ ಇಪ್ಪತ್ತು ನಿಮಿಷ ಬೇಕು. ಇದನ್ನು ಬಿಟ್ಟು ಎಸೆಯುವವರೇ ಜಾಸ್ತಿ, ಬರಿಗೈಯಲ್ಲಿ ಹೋಗುವವರೂ ಅವರೇ ಜಾಸ್ತಿ.

ಇಬ್ಬರಿದ್ದೀರಲ್ಲಾ, ಇಬ್ಬರೂ ಒಂದೇ ಥರ ಹಾಕಬೇಡಿ. ಒಬ್ಬರು ತಳಕ್ಕೆ ಎರೆಹುಳು ಇಡಿ, ಇನ್ನೊಬ್ಬರು ಒಂದಡಿ ಮೇಲೆ ಹಿಟ್ಟು ಇಡಿ. ಒಬ್ಬರು ದಂಡೆಗೆ ಹತ್ತಿರ, ಇನ್ನೊಬ್ಬರು ಹದಿನೈದು ಮೀಟರ್ ದೂರ. ಯಾರಿಗೆ ಮೊದಲು ಕಚ್ಚಿತೋ ಇನ್ನೊಬ್ಬರೂ ಅದೇ ಆಳಕ್ಕೆ ಬದಲಾಯಿಸಿಕೊಳ್ಳಿ. ಒಬ್ಬರೇ ಇದ್ದರೆ ಇಷ್ಟನ್ನು ಕಂಡುಕೊಳ್ಳಲು ಅರ್ಧ ದಿನ ಹೋಗುತ್ತದೆ. ಕೂತುಕೊಳ್ಳುವ ಅಂತರ ಹತ್ತು ಹೆಜ್ಜೆ. ಮಾತಾಡಬಹುದು, ಅದಕ್ಕೆ ಮೀನು ಓಡುವುದಿಲ್ಲ. ಕಲ್ಲಿನ ಮೇಲೆ ಕಾಲು ಅಪ್ಪಳಿಸಿದರೆ, ಡಬ್ಬಿ ಎತ್ತಿ ಹಾಕಿದರೆ ಓಡುತ್ತದೆ. ಆ ಅದುರು ನೀರಿನೊಳಗೆ ಬಹಳ ದೂರ ಹೋಗುತ್ತದೆ.

ಹನ್ನೊಂದರಿಂದ ಬೆಂಡಿನ ಮೇಲೆ ಕಣ್ಣಿರಲಿ. ನೆನಪಿಡಿ, ಬೆಂಡು ಮುಳುಗುವುದನ್ನು ಕಾಯಬೇಡಿ. ಸ್ವಲ್ಪ ನಡುಗಿತು, ಅರ್ಧ ಬೆರಳು ಮೇಲೆದ್ದಿತು, ಗಾಳಿಗೆ ವಿರುದ್ಧ ಒಂದಿಷ್ಟು ಸರಿಯಿತು. ಇವೇ ಚಳಿಗಾಲದ ಕಚ್ಚು. "ಲೇ, ನಿಂದು ಬೆಂಡ್ ಅಲುಗ್ಲಿಕತ್ತದ ನೋಡ್ಲೇ" ಅಂತ ದೋಸ್ತ ಕೂಗಿದ ಎಷ್ಟೋ ಸಲ ನಾನು ರೊಟ್ಟಿ ಮುರಿಯುತ್ತಿದ್ದೆ. ಕಂಡ ಕೂಡಲೇ ಜಗ್ಗಬೇಡಿ. ರಾಡಿನ ತುದಿಯನ್ನು ಮಣಿಕಟ್ಟಿನಿಂದ ಒಂದಡಿ ಎತ್ತಿದರೆ ಸಾಕು. ಕೊಕ್ಕೆ ಚೂಪಾಗಿದ್ದರೆ ತಾನೇ ಹಿಡಿಯುತ್ತದೆ.

ಒಂದು ಗಂಟೆ ಏನೂ ಅಲುಗದಿದ್ದರೆ ಮೊದಲು ಕೊಕ್ಕೆ ಚಿಕ್ಕದು ಮಾಡಿ. ಆಮೇಲೆ ಆಳ ಬದಲಾಯಿಸಿ. ಜಾಗ ಬದಲಾಯಿಸುವುದು ಕಡೆಗೆ. ಒಂದೂವರೆಗೆ ಊಟ, ಆದರೆ ಸರದಿ ಮೇಲೆ. ಒಬ್ಬರು ಉಣ್ಣುವಾಗ ಇನ್ನೊಬ್ಬರು ಎರಡೂ ಬೆಂಡು ನೋಡಲಿ. ನಮ್ಮ ದೊಡ್ಡ ಮೀನುಗಳು ಹೆಚ್ಚಾಗಿ ಎರಡರಿಂದ ಮೂರರ ನಡುವೆ ಸಿಕ್ಕಿವೆ. ನೀರು ಅತಿ ಹೆಚ್ಚು ಕಾದಿರುವ ಹೊತ್ತು ಅದೇ.

ಮೀನು ಸಿಕ್ಕಿದ ಮೇಲೆ

ರೀಲಿನ ಡ್ರ್ಯಾಗ್, ಅಂದರೆ ದಾರದ ಬಿಗಿ ಹೊಂದಿಸುವ ತಿರುಪು, ಮೊದಲೇ ಸಡಿಲ ಇಟ್ಟಿರಿ. ಕೈಯಿಂದ ಜೋರಾಗಿ ಎಳೆದರೆ ದಾರ ಜಾರಿ ಬರುವಷ್ಟು. ಮೀನು ಓಡಿದರೆ ಓಡಲಿ, ರಾಡ್ ಎತ್ತಿ ಹಿಡಿದಿರಿ. ನಿಂತಾಗ ಮಾತ್ರ ಸುತ್ತಿ. ಕಲ್ಲುದಂಡೆಯಲ್ಲಿ ಮೀನು ತಪ್ಪುವುದು ಕೊನೆಯ ಎರಡು ಮೀಟರಿನಲ್ಲಿ. ಕಲ್ಲಿನ ಸಂದಿಗೆ ನುಗ್ಗಿದರೆ ದಾರ ಉಜ್ಜಿ ತುಂಡಾಗುತ್ತದೆ. ಇಲ್ಲಿಯೇ ಗೆಳೆಯ ಬೇಕು. ಅವನು ತನ್ನ ರಾಡ್ ಕೆಳಗಿಟ್ಟು ಕೈಬಲೆಯನ್ನು ನೀರಿನೊಳಗೆ ಮುಳುಗಿಸಿ ಅಲುಗದೆ ಹಿಡಿಯಬೇಕು. ನೀವು ಮೀನನ್ನು ಬಲೆಯ ಮೇಲೆ ತರಬೇಕು. ಬಲೆಯನ್ನು ಮೀನಿನ ಹಿಂದೆ ಬೀಸಿದರೆ ಮೀನು ಗಾಬರಿಯಾಗಿ ಕೊನೆಯ ಸಲ ಒದೆಯುತ್ತದೆ, ದಾರ ಹರಿಯುತ್ತದೆ.

ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಒಣ ಕೈ ತಾಗಿದರೆ ಮೀನಿನ ಮೈಮೇಲಿನ ಲೋಳೆ ಕಿತ್ತು ಬರುತ್ತದೆ. ಬಿಟ್ಟರೂ ಆಮೇಲೆ ಅದು ರೋಗ ಬಂದು ಸಾಯಬಹುದು. ಅರ್ಧ ಕಿಲೋ ತುಂಬದ ಮರಿಗಳನ್ನು ಬಿಟ್ಟುಬಿಡಿ. ಕಾಟ್ಲಾ, ರೋಹು, ಮೃಗಾಲ್ ಮಳೆಗಾಲದಲ್ಲಿ ಮೊಟ್ಟೆ ಇಡುವ ಮೀನು. ಸಾಮಾನ್ಯ ಗೆಂಡೆ ಹಾಗಲ್ಲ, ಜನವರಿಯಿಂದ ಮಾರ್ಚ್ ತನಕವೂ ಇಡುತ್ತದೆ. ಹೊಟ್ಟೆ ಉಬ್ಬಿ ಮೆತ್ತಗಿರುವ ಗೆಂಡೆ ಸಿಕ್ಕರೆ, ಎಷ್ಟೇ ದೊಡ್ಡದಿರಲಿ, ನಾವು ವಾಪಸ್ ಬಿಡುತ್ತೇವೆ. ಆಫ್ರಿಕನ್ ಕ್ಯಾಟ್‌ಫಿಶ್ ಮಾತ್ರ ಬಿಡಬೇಡಿ. ನಮ್ಮ ನೀರಿನ ಸಣ್ಣ ಮೀನುಗಳನ್ನು ತಿಂದು ಖಾಲಿ ಮಾಡುವ ಮೀನು ಅದು. ದೇಶದಲ್ಲಿ ಅದನ್ನು ಸಾಕುವುದಕ್ಕೇ ನಿಷೇಧ ಇದೆ.

ಚೇಳುಮೀನು ಸಿಕ್ಕರೆ ಬರಿಗೈ ಹಾಕಬೇಡಿ. ಪಕ್ಕದ ರೆಕ್ಕೆಯ ಮುಳ್ಳಿನಲ್ಲಿ ವಿಷ ಇದೆ. ಇಕ್ಕಳದಿಂದ ಕೊಕ್ಕೆ ಬಿಡಿಸಿ, ಆಗದಿದ್ದರೆ ದಾರ ಕತ್ತರಿಸಿ. ಚುಚ್ಚಿದರೆ ಸಹಿಸುವಷ್ಟು ಬಿಸಿ ನೀರಿನಲ್ಲಿ ಕೈ ಮುಳುಗಿಸಿಡಿ. ಬಿಸಿಗೆ ಆ ವಿಷದ ನೋವು ಇಳಿಯುತ್ತದೆ. ಹಾಗಾಗಿ ಚಹಾ ಜೊತೆ ಇನ್ನೊಂದು ಫ್ಲಾಸ್ಕಿನಲ್ಲಿ ಬರೀ ಬಿಸಿ ನೀರು ಇರಲಿ. ಊತ ಇಳಿಯದಿದ್ದರೆ ಡಾಕ್ಟರ್ ಹತ್ತಿರ ಹೋಗಿ.

ಇಟ್ಟುಕೊಳ್ಳುವ ಮೀನನ್ನು ಒದ್ದಾಡಲು ಬಿಡಬೇಡಿ. ತಲೆಯ ಮೇಲೆ, ಕಣ್ಣಿನ ಸ್ವಲ್ಪ ಹಿಂದೆ ಕೋಲಿನಿಂದ ಒಂದೇ ಪೆಟ್ಟು. ಕೂಡಲೇ ಹೊಟ್ಟೆ, ಕಿವಿರು ತೆಗೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ ನೆರಳಿನಲ್ಲಿಡಿ.

ಕಲ್ಲು, ಹಾವು, ತಂತಿ

ಒಮ್ಮೆ ನನ್ನ ದೋಸ್ತ ಮೀನಿಗೆ ಬಲೆ ಹಿಡಿಯಲು ಬಾಗಿದಾಗ ಪಾಚಿ ಕಲ್ಲಿನ ಮೇಲೆ ಜಾರಿ ಕುತ್ತಿಗೆ ತನಕ ನೀರಿಗೆ ಬಿದ್ದ. ಅವನಿಗೆ ಈಜು ಬರುತ್ತದೆ. ಆದರೆ ಮೈಮೇಲೆ ದಪ್ಪ ಸ್ವೆಟರ್, ಕಾಲಿನಲ್ಲಿ ಬೂಟು. ಒದ್ದೆಯಾದ ಉಣ್ಣೆ ಅವನನ್ನು ಕೆಳಗೆ ಜಗ್ಗುತ್ತಿತ್ತು. ನಾನು ಉದ್ದ ಹಿಡಿಯ ಕೈಬಲೆ ಚಾಚಿದೆ, ಅದನ್ನು ಹಿಡಿದು ಮೇಲೆ ಬಂದ. ಆ ದಿನ ನಾನು ಪಕ್ಕದಲ್ಲಿ ಇಲ್ಲದಿದ್ದರೆ ಅನ್ನುವ ಯೋಚನೆ ಈಗಲೂ ಎದೆ ನಡುಗಿಸುತ್ತದೆ. ಅಂದಿನಿಂದ ನಮ್ಮ ನಿಯಮ ಇಷ್ಟು. ಒಬ್ಬರೇ ಹೋಗುವುದಿಲ್ಲ. ಇಬ್ಬರೂ ಲೈಫ್ ಜಾಕೆಟ್ ಹಾಕುತ್ತೇವೆ. ಹದಿನೈದು ಮೀಟರ್ ಹಗ್ಗ ಕೈಗೆ ಸಿಗುವಂತೆ ಇರುತ್ತದೆ. ಬಿದ್ದವರನ್ನು ಹಿಡಿಯಲು ಇನ್ನೊಬ್ಬರು ನೀರಿಗೆ ಹಾರುವುದಿಲ್ಲ, ಹಗ್ಗ ಅಥವಾ ಕೋಲು ಚಾಚುತ್ತೇವೆ. ಬದಲಿ ಬಟ್ಟೆ ಒಂದು ಜೊತೆ ಗಾಡಿಯಲ್ಲಿ ಇರುತ್ತದೆ.

ಚಳಿಗಾಲದ ಬಿಸಿಲಿಗೆ ನಮ್ಮಂತೆಯೇ ಹಾವೂ ಕಲ್ಲಿನ ಮೇಲೆ ಬರುತ್ತದೆ. ಮೈ ಕಾಯಿಸಿಕೊಳ್ಳಲು. ಕೊಳಕುಮಂಡಲ ಕಲ್ಲಿನ ಬಣ್ಣಕ್ಕೆ ಬೆರೆತುಹೋಗಿರುತ್ತದೆ. ಕೂರುವ ಮೊದಲು ಕೋಲಿನಿಂದ ಕಲ್ಲುಗಳ ಮೇಲೆ, ಸಂದಿಯಲ್ಲಿ ಬಡಿಯಿರಿ. ಸಂದಿಗೆ ಬಿದ್ದ ಸಾಮಾನನ್ನು ಕೈ ಹಾಕಿ ತೆಗೆಯಬೇಡಿ. ಕಚ್ಚಿದರೆ ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ. ಕಚ್ಚಿದ ಕೈಕಾಲು ಅಲುಗಾಡದಂತೆ ಇಟ್ಟು ನೇರ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ತಂತಿಯ ಅಪಾಯವನ್ನು ಬಹಳ ಜನ ಯೋಚಿಸುವುದೇ ಇಲ್ಲ. ಹಿನ್ನೀರಿನ ದಂಡೆ ತುಂಬ ರೈತರ ಪಂಪ್‌ಸೆಟ್. ತಂತಿ ಕೆಲವು ಕಡೆ ಬಹಳ ಕೆಳಗೆ ಜೋತು ಬಿದ್ದಿರುತ್ತದೆ. ಕಾರ್ಬನ್ ರಾಡ್ ಕರೆಂಟ್ ಹರಿಸುತ್ತದೆ. ಎಸೆಯುವ ಮೊದಲು ತಲೆ ಎತ್ತಿ ನೋಡಿ. ನಡೆಯುವಾಗ ರಾಡನ್ನು ಮಡಚಿ, ಅಡ್ಡ ಹಿಡಿದು ನಡೆಯಿರಿ. ನೀರಿಗೆ ಇಳಿಬಿಟ್ಟ ಮೋಟಾರ್ ಇದ್ದರೆ ಆ ಜಾಗ ಬಿಡಿ.

ಭೀಮಾ, ಕೃಷ್ಣೆಯಲ್ಲಿ ಇನ್ನೆರಡು ವಿಷಯ. ಅಲ್ಲಿ ಮೊಸಳೆ ಇವೆ. ಚಳಿಗಾಲದಲ್ಲಿ ಅವೂ ಬಿಸಿಲಿಗೆ ದಂಡೆಗೆ ಬರುತ್ತವೆ. ನೀರಿನ ಅಂಚಿನಿಂದ ಐದಾರು ಮೀಟರ್ ಹಿಂದೆ, ಎತ್ತರದಲ್ಲಿ ಕೂಡಿ. ಮೀನು ತೊಳೆಯಲು ಅಂಚಿಗೆ ಹೋಗಬೇಡಿ. ಎರಡನೆಯದು, ಮೇಲಿನ ಬ್ಯಾರೇಜಿನಿಂದ ನೀರು ಬಿಟ್ಟರೆ ಮಟ್ಟ ಹಠಾತ್ತನೆ ಏರುತ್ತದೆ. ನದಿ ನಡುವಿನ ಬಂಡೆ ಮೇಲೆ ಎಂದೂ ಕೂರಬೇಡಿ.

ನಾಲ್ಕಕ್ಕೆ ಎದ್ದುಬಿಡಿ

ಮೂರೂವರೆ ದಾಟಿದ ಮೇಲೆ ಬಿಸಿಲಿನ ಬಿಸಿ ಇಳಿಯುತ್ತದೆ, ಕಚ್ಚೂ ನಿಲ್ಲುತ್ತದೆ. ನಾಲ್ಕಕ್ಕೆ ಸಾಮಾನು ಕಟ್ಟಿ. ತುಂಡಾದ ನೈಲಾನ್ ದಾರವನ್ನು ಒಂದು ಚೂರೂ ಬಿಡದೆ ಡಬ್ಬಿಗೆ ಹಾಕಿಕೊಳ್ಳಿ. ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಬಾತುಗಳು ನಮ್ಮ ನೀರಿಗೆ ಬರುತ್ತವೆ. ಅವುಗಳ ಕಾಲಿಗೆ ಆ ದಾರ ಸುತ್ತಿಕೊಂಡರೆ ಬಿಡಿಸುವವರು ಯಾರೂ ಇಲ್ಲ. ದಂಡೆಯಲ್ಲಿ ಬೆಂಕಿ ಹಾಕಿ ಮೀನು ಸುಡುವ ಆಸೆ ಬೇಡ. ಪಕ್ಕದ ಹೊಲದಲ್ಲಿ ಒಣಗಿದ ತೊಗರಿ ಇರುತ್ತದೆ, ಒಂದು ಕಿಡಿ ಸಾಕು.

ಮೀನನ್ನು ದಂಡೆಯ ಮೇಲೆಯೇ ಎರಡು ಪಾಲು ಮಾಡಿ. ಯಾರ ಗಾಳಕ್ಕೆ ಎಷ್ಟು ಬಿತ್ತು ಅಂತ ನಾವು ಲೆಕ್ಕ ಹಾಕುವುದಿಲ್ಲ. ಒಬ್ಬ ಪಾಲು ಹಾಕುತ್ತಾನೆ, ಇನ್ನೊಬ್ಬ ಮೊದಲು ಎತ್ತಿಕೊಳ್ಳುತ್ತಾನೆ. ತಳದ ಮೀನಿಗೆ ಸ್ವಲ್ಪ ಮಣ್ಣು ವಾಸನೆ ಇರುತ್ತದೆ. ಉಪ್ಪು, ಅರಿಶಿನ ಹಚ್ಚಿ, ಹುಣಸೆ ನೀರಿನಲ್ಲಿ ಅರ್ಧ ಗಂಟೆ ಇಟ್ಟು ತೊಳೆಯಿರಿ. ಆಮೇಲೆ ಖಾರ ಹಚ್ಚಿ, ಜೋಳದ ಹಿಟ್ಟಿನಲ್ಲಿ ಹೊರಳಿಸಿ ಹಂಚಿನ ಮೇಲೆ ಕಡಿಮೆ ಉರಿಯಲ್ಲಿ ಹುರಿಯಿರಿ.

ಮಲಗುವ ಮೊದಲು ಬಲೆ, ದಾರ ಒಣಗಲು ಹಾಕಿ. ಒಂದು ನೋಟ್‌ಬುಕ್‌ನಲ್ಲಿ ತಾರೀಖು, ನೀರು ಎಷ್ಟು ಡಿಗ್ರಿ ಇತ್ತು, ಗಾಳಿ ಯಾವ ಕಡೆಯದು, ಎಷ್ಟು ಗಂಟೆಗೆ, ಎಷ್ಟು ಆಳದಲ್ಲಿ ಕಚ್ಚಿತು ಅಂತ ನಾಲ್ಕು ಸಾಲು ಬರೆದಿಡಿ. ಅದೇ ರಾತ್ರಿ ಬರೆಯಿರಿ, ಬೆಳಿಗ್ಗೆ ಹೊತ್ತಿಗೆ ಆಳ ಮರೆತುಹೋಗಿರುತ್ತದೆ.